ಶೇಕಡಾ ಐವತ್ತರ ನೆರಳು

ಸಿದ್ದಾಪುರದ ನಮ್ಮ ನರ್ಸರಿಯಲ್ಲಿ ಎಲ್ಲಕ್ಕೂ ಲೆಕ್ಕದ ನೆರಳು.
ಆಂಥೂರಿಯಂಗೆ ಎಪ್ಪತ್ತೈದು, ಎಳೆ ಸಸಿಗೆ ಐವತ್ತು,
ಗುಲಾಬಿಗೆ ಏನೂ ಬೇಡ, ಬಿಸಿಲು ಕುಡಿದೇ ಬದುಕುವ ಜಾತಿ.
ಹಸಿರು ಬಲೆಯನ್ನು ಮೀಟರಿಗಿಷ್ಟೆಂದು ತಂದು
ಬೊಂಬಿಗೆ ಬಿಗಿದವನು ನಮ್ಮಣ್ಣ ಪಿಳ್ಳಪ್ಪ,
ಬಲೆಯ ಹೊರಗೆ ನಿಂತು.

ಅವನಿಗೆ ಹುಟ್ಟುವಾಗಲೇ ಬಣ್ಣ ಹತ್ತಲಿಲ್ಲ.
ರೆಪ್ಪೆಯೂ ಬಿಳಿ. ಕಣ್ಣು ನಿಂತಲ್ಲಿ ನಿಲ್ಲದು.
ತೊನ್ನು ಎಂದರು ಕೆಲವರು. ತೊನ್ನಲ್ಲ.
ಬೀದಿಯ ಹುಡುಗರು ದೊರೆ ಎಂದರು, ಅದೇ ನಿಂತಿತು:
ದೊರೆ, ಎರಡು ಕರಿಬೇವು ಕೊಡಿ. ದೊರೆ, ಗೊಬ್ಬರ ಹೆಂಗೆ ಚೀಲ?
ನಲವತ್ತಾರು ವರ್ಷ ಈ ದೊರೆ
ತಲೆಗೆ ಒದ್ದೆ ಟವೆಲು ಸುತ್ತಿ ಕೆಮ್ಮಣ್ಣು ಜರಡಿ ಹಿಡಿದ.

ಊರು ತಂಪು ಅನ್ನುತ್ತಾರೆ. ಮೋಡ ಮುಚ್ಚಿದ ದಿನ
ಟವೆಲನ್ನೂ ಬಿಚ್ಚಿಡುತ್ತಿದ್ದ.
ಮೋಸ ಹೋದದ್ದು ಆ ದಿನಗಳಲ್ಲೂ ಕಣಪ್ಪ, ಅಂದರು
ವಿಕ್ಟೋರಿಯಾದ ಚರ್ಮದ ವಿಭಾಗದ ಡಾಕ್ಟರ್ ನಫೀಸಾ,
ಕಿವಿಯ ಹಿಂದಿನ ಗಂಟು ತೆಗೆದು ಒಂಬತ್ತು ಹೊಲಿಗೆ ಬಿದ್ದ ಮೇಲೆ.
ಆ ಗಂಟಿನ ಹೆಸರನ್ನು ಮನೆಯಲ್ಲಿ ಯಾರೂ ಹೇಳುವುದಿಲ್ಲ.
ಅತ್ತಿಗೆಗೆ ಅದು ಬರಿ ‘ಅದು’.

ಆಮೇಲೆ ಬಂತು ಮುಲಾಮು. ಬೆಳಗ್ಗೆ, ರಾತ್ರಿ, ಮೂರು ವಾರ.
ಗವಸು ತೊಟ್ಟು ನಾನೇ ಹಚ್ಚಿದೆ, ಅವನಿಗೆ ಕನ್ನಡಿ ಸರಿಯಾಗಿ ಕಾಣದು.
ನಾಲ್ಕು ದಿನ ಏನಿಲ್ಲ.
ಐದನೆಯ ದಿನ ಹಣೆಯಲ್ಲಿ ಒಂದು ಕೆಂಪು ಚುಕ್ಕಿ,
ಆಮೇಲೆ ಮೂಗಿನ ದಂಡೆ, ಕೆನ್ನೆ, ಕಿವಿಯ ಅಂಚು.
ಬೆಳೆಯ ಗುರುತು ಬಲ್ಲ ಹೆಣ್ಣಾಳು ಕಳೆಗೆ ಬಗ್ಗಿದ ಹಾಗೆ
ಕೆಟ್ಟದ್ದನ್ನೇ ಹುಡುಕಿ ಹುಡುಕಿ ಎಬ್ಬಿಸಿತು.
ಹಚ್ಚುತ್ತ ನಾನು ಓದಿಕೊಂಡೆ:
ಇದು ಹೆಬ್ಬಾಳದಾಚೆ ಲೇಔಟಿಗೆ ಹುಲ್ಲು ಹಾಸಿದ ಬೇಸಿಗೆ.
ಇದು ಕರಗದಲ್ಲಿ ವೀರಕುಮಾರನಾಗಿ ಕತ್ತಿ ಹಿಡಿದ ವರ್ಷ,
ಬಿಸಿಲೇರಿದರೂ ಬರಿದಲೆಯಲ್ಲಿ ನಿಂತಿದ್ದ, ಹಠಮಾರಿ.
ಇದು ನನ್ನ ಮದುವೆಯ ಸಾಲಕ್ಕೆ
ಭಾನುವಾರವೂ ಲಾರಿಯಿಂದ ಕುಂಡ ಇಳಿಸಿದ್ದು.
ಇಲ್ಲಿ ನನ್ನ ಬೆರಳು ತುಸು ಹೊತ್ತು ನಿಂತಿತು.
ಉರಿಯುತ್ತಾ, ಅಂದೆ.
ಹಚ್ಚು, ಅಂದ.

ಹಕ್ಕಳೆ ಉದುರಿ ಎಳೆ ಚರ್ಮ ಬಂದ ಮೇಲೆ ಮಾತ್ರೆ ಬರೆದರು,
ಬಿ ಜೀವಸತ್ವದ ಕುಲದ್ದು, ದಿನಕ್ಕೆ ಎರಡು.
ಯಾವ ಕಾಯಿಲೆಗೆ?
ಇನ್ನೂ ಬರದೇ ಇರುವುದಕ್ಕೆ.
ಬರುವುದೇ ಇಲ್ಲ ಅನ್ನಲಾರೆ, ಕಡಿಮೆ ಬರಬಹುದು;
ಬಿಟ್ಟರೆ ಅದರ ಕಾವಲೂ ಬಿಟ್ಟಂತೆ;
ಮಾತ್ರೆ ನುಂಗಿದೆನೆಂದು ಟೋಪಿ ತೆಗೆದೀಯ, ಜೋಕೆ.

ಇಲ್ಲದ ಕಾಯಿಲೆಗೆ ಇರೋ ದುಡ್ಡಾ, ಅಂದಳು ಅತ್ತಿಗೆ.
ಮಳೆಗೆ ಮುಂಚೆ ಗಿಡಕ್ಕೆ ಮೈಲುತುತ್ತ ಸುಣ್ಣ ಹೊಡೀತೀನಲ್ಲ,
ಕೊಳೆತ ಮೇಲೆ ಹೊಡೀತೀನಾ?
ಗಿಡವಾದರೆ ಮಾರ್ತೀಯ. ನಿನ್ನ ಯಾರು ಕೊಳ್ತಾರೆ?
ಹಾಗಂದವಳೇ ಪ್ರತಿ ರಾತ್ರಿ
ಊಟದ ತಟ್ಟೆಯ ಅಂಚಿಗೆ ಮಾತ್ರೆ ಇಟ್ಟಿರುತ್ತಾಳೆ,
ಉಪ್ಪಿನಕಾಯಿಯ ಪಕ್ಕದಲ್ಲಿ.

ಎರಡು ವರ್ಷವಾಯಿತು. ಒಂದು ಸಣ್ಣದು ಬಂತು, ಹೋಯಿತು.
ಬಾರದೆ ಉಳಿದವು ಎಷ್ಟು? ಯಾವ ಚೀಟಿಯಲ್ಲೂ ಬರೆದಿಲ್ಲ.
ಖಾಲಿ ಮಾತ್ರೆ ಹಾಳೆಗಳನ್ನು ಅಣ್ಣ ಎಸೆಯುವುದಿಲ್ಲ,
ಸಸಿಮಡಿಯ ಮೇಲೆ ದಾರಕ್ಕೆ ಪೋಣಿಸಿದ್ದಾನೆ, ಹಕ್ಕಿ ಬೆದರಲೆಂದು.
ಗಾಳಿಗೆ ಹೊರಳಿ ಬಿಸಿಲನ್ನು ಬಿಸಿಲಿಗೇ ವಾಪಸು ಎಸೆಯುತ್ತವೆ.

ಈಗ ಅವನ ಸ್ಟೂಲು ಬಲೆಯ ಒಳಗೆ, ಜರಿಗಿಡಗಳ ಸಾಲಿನಲ್ಲಿ.
ತೋಳುದ್ದದ ಅಂಗಿ, ಕೊಡೆಯಗಲದ ಟೋಪಿ.
ನಿನ್ನೆ ಜಯನಗರದ ಯಾರೋ ಹುಡುಗಿ ಕುಂಡ ಎತ್ತಿ ಕೇಳಿದಳು:
ದೊರೆ, ಇದಕ್ಕೆ ಬಿಸಿಲು ಎಷ್ಟು ಬೇಕು?
ಅವನು ಗಿಡವನ್ನು ಕಣ್ಣಿನ ಹತ್ತಿರಕ್ಕೆ ತಂದು
ಎಲೆಯ ಹಿಂಬದಿಯನ್ನು ಬೆರಳಲ್ಲಿ ಸವರಿ ನೋಡಿದ.
ಕೇಳಿದಷ್ಟು ಕೊಡಬೇಡಿ, ಅಂದ.