ನಾಳೆ ಹತ್ತೂವರೆಗೆ

ನಾಳೆ ಹತ್ತೂವರೆಗೆ, ಪರೇಡ್ ಮೈದಾನದ ಪಕ್ಕದ ಹಾಲಿನಲ್ಲಿ
ನಲವತ್ತೆರಡು ಮಂದಿ ಹೊಸ ಹುಡುಗ ಹುಡುಗಿಯರು
ಡ್ರಿಲ್ಲಿನ ಬೆವರು ಆರದೆ ಕೂತಿರುತ್ತಾರೆ.
ವಿಷಯ: ವಿಚಾರಣೆಯ ವಿಧಾನ.
ಉಪನ್ಯಾಸ: ಎ.ಎಸ್.ಐ. ತೋಟಪ್ಪ ಜಿ. ಎಂ.
ಟೈಪಾದ ನನ್ನ ಹೆಸರನ್ನು ಎರಡು ಸಲ ಓದಿದೆ.

ಮಗಳ ಹಳೇ ರಫ್ ಪುಸ್ತಕ. ಹಿಂದಿನ ಪುಟಗಳಲ್ಲಿ
ಬೆಂಜೀನಿನ ಆರು ಮೂಲೆ, ಮುಂದೆ ನನ್ನ ಕೋಳಿಕಾಲಿನ ಅಕ್ಷರ:

ಕುರ್ಚಿ ಎರಡೂ ಒಂದೇ ಎತ್ತರ ಇರಲಿ.
ಮೊದಲು ನೀರು, ಆಮೇಲೆ ಹೆಸರು.
“ಏನಾಯ್ತು ಹೇಳಿ” ಅನ್ನಿ. ಅಂದು
ಸುಮ್ಮನಿರಿ.

ಸುಮ್ಮನಿರುವುದನ್ನು ಹೇಗಪ್ಪಾ ಕಲಿಸುವುದು?
ಬೋರ್ಡಿನ ಮೇಲೆ ಬರೆದರೆ ಅದೂ ಒಂದು ಮಾತು.
ಒಳಗಿಂದ ಹಾಲಮ್ಮ ನಗುತ್ತಾಳೆ:
“ನಾನ್ ಹೇಳೋದ್ನ ಅರ್ಧಕ್ಕೇ ಬಿಟ್ಟು ಏಳೋರು,
ಏನ್ ಹೇಳ್ಕೊಡ್ತೀರಿ ಆ ಹುಡ್ರಿಗೆ?”

ಖಲಂದರನ ವಿಷಯ ಹೇಳಲೋ ಬೇಡವೋ.
ಮಂಡಕ್ಕಿ ಭಟ್ಟಿಯ ಹುಡುಗ, ಆಗ ಹತ್ತೊಂಬತ್ತು,
ಹುಬ್ಬಿನ ತುಂಬ ಹೊಗೆಯ ಮಸಿ.
ನಾನು ಯಾರ ಮೈಯನ್ನೂ ಮುಟ್ಟಿದವನಲ್ಲ,
ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ್ದೇನೆ ದಾವಣಗೆರೆ ತುಂಬ.
ಬರೀ ಕೇಳಿದೆ.
“ಕಾಯಿಪೇಟೆ ಅಂಗಡಿ ತಾನೆ?” “ಹೌದು ಸಾರ್.”
“ಹಂಚು ಸರಿಸಿ ಇಳಿದೆ ತಾನೆ?” “ಹೌದು ಸಾರ್.”
“ಮೂರು ಹಂಚು?”
“ಹೌದು ಸಾರ್, ಮೂರು.”
ನಾಲ್ಕು ಹಾಳೆ ತುಂಬಿತು. ಇನ್‌ಸ್ಪೆಕ್ಟರು ಬೆನ್ನು ತಟ್ಟಿದರು.
ಹೌದುಗಳೆಲ್ಲ ಅವನವು. ವಾಕ್ಯಗಳೆಲ್ಲ ನನ್ನವು.

ಕೀಲಿ ಇದ್ದದ್ದು ಅಂಗಡಿಯವನ ಅಳಿಯನ ಜೇಬಿನಲ್ಲಿ.
ಹಂಚು ಸರಿಸಿದ್ದು ನಮಗೆ ತೋರಿಸಲಿಕ್ಕೆ.
ಇದು ಗೊತ್ತಾಗುವಷ್ಟರಲ್ಲಿ ಹುಡುಗ
ಐವತ್ತಮೂರು ದಿನ ಒಳಗಿದ್ದು ಬಂದಿದ್ದ.

ಈಗ ಅವನದೇ ಭಟ್ಟಿ ಇದೆ. ಕಳೆದ ವಾರ ಹೋದಾಗ
ಸೇರಿನ ಮೇಲೆ ರಾಶಿ ಕೂರಿಸಿ ಅಳೆದ, ಎರಡು ಹಿಡಿ ಮೇಲೆ ಹಾಕಿದ.
“ಚೆನ್ನಾಗಿದ್ದೀಯ ತಾನೆ?” ಅಂದೆ.
ಮರ ಕೇರುತ್ತಿದ್ದ ಹೆಂಗಸು ತಲೆ ಎತ್ತಿದಳು.
“ಹೌದು ಸಾರ್.”

ಚೀಲ ಹಿಡಿದು ಗಾಡಿ ಹತ್ತಿದ ಮೇಲೆ
ನನ್ನ ಪ್ರಶ್ನೆ ನನಗೇ ಕೇಳಿಸಿತು.

ಪುಸ್ತಕದಲ್ಲಿ ದೊಡ್ಡದಾಗಿ ಬರೆದಿದ್ದೇನೆ: ತಾನೆ.
ಅದರ ಮೇಲೊಂದು ಅಡ್ಡಗೀಟು. ನಾಳೆ ಬೋರ್ಡಿನಲ್ಲಿ ಇಷ್ಟೇ.
ಮಿಕ್ಕ ಒಂದು ಗಂಟೆ ಹೇಗೆ ತುಂಬಿಸುವುದೋ ಗೊತ್ತಿಲ್ಲ.

ಹಾಲಮ್ಮ ಒಲೆ ಒರೆಸುತ್ತಿದ್ದಾಳೆ.
“ಇವತ್ತು ಏನಾಯ್ತು, ಹೇಳು” ಅಂದೆ.
“ಏನಾಗುತ್ತೆ? ಏನಿಲ್ಲ.”
ನಾಲಿಗೆ ತುದಿಗೆ ಬಂದದ್ದನ್ನು ನುಂಗಿದೆ.
ಹರಿಹರದ ಕಡೆಯ ಗೂಡ್ಸ್ ಗಾಡಿ ಶುರುವಾಯಿತು,
ಡಬ್ಬಿ ಮೇಲೆ ಡಬ್ಬಿ, ಮುಗಿಯುವುದೇ ಇಲ್ಲ,
ಮುಗಿಯಿತು. ಆಮೇಲೆ ನಲ್ಲಿಯ ಒಂದೊಂದೇ ಹನಿ.
ಅವಳು ನನ್ನ ಮುಖ ನೋಡಿದಳು, ಗಡಿಯಾರ ನೋಡಿದಳು,
ಸೆರಗಿಗೆ ಕೈ ಒರೆಸಿ ಎದುರಿನ ಕುರ್ಚಿ ಎಳೆದಳು.

ಪೆನ್ನಿಗೆ ಮುಚ್ಚಳ ಹಾಕಿದೆ.

“ಅದು ಇವತ್ತಿಂದಲ್ಲ,” ಅಂದಳು.