ಮಣ್ಣು ತಿಂದವಳು

ವಾಲ್ಪರೈಸೊದ ನಮ್ಮ ಗುಡ್ಡಕ್ಕೆ
ನೂರಾ ಅರವತ್ತೊಂದು ಮೆಟ್ಟಿಲು.
ಹಿಂದೆ ಎಣಿಸಿರಲಿಲ್ಲ, ಈಗ ಬಾಯಿಪಾಠ.
ನಲವತ್ತಕ್ಕೆ ಬೇಕರಿಯವನ ಹಿತ್ತಲ ಬಾಗಿಲು,
ಎಪ್ಪತ್ತಕ್ಕೆ ಒಂದು ಬೀದಿನಾಯಿ. ಅದೂ ನನ್ನ ಜೊತೆ ಕೂರುತ್ತದೆ.

ಮೊದಲ ಸಲ ಎದೆಗೆ ನಳಿಗೆ ಇಳಿಸಿದಾಗ
ಬಾಟಲಿಗೆ ಬಂದದ್ದು ನೀರಲ್ಲ, ನೆತ್ತರಲ್ಲ,
ಹಾಲು.
ನರ್ಸ್ ಮಿರೆಯಾ ಮುಖ ತಿರುಗಿಸಿದಳು.
ಹಡೆಯದವಳಿಗೂ ಹಾಲೇ, ಅಂತ ನಗಹೋದೆ;
ನಕ್ಕರೆ ನೋಯುತ್ತಿತ್ತು.
ಡಾಕ್ಟರ್ ಒರ್ಮೆನ್ಯೊ ಅದು ದುಗ್ಧರಸ ಎಂದರು.
ರೋಗದ ಹೆಸರೋ, ಗೂಡ್ಸ್ ರೈಲಿನಷ್ಟು ಉದ್ದ,
ಹೇಳಿ ಮುಗಿಸುವಷ್ಟು ಉಸಿರು ನನ್ನಲ್ಲಿಲ್ಲ.
"ಹೆಚ್ಚಾಗಿ ಹೆಂಗಸರಿಗೇ" ಎಂದರು,
ತಮ್ಮದೇ ತಪ್ಪೆಂಬಂತೆ ಪೆನ್ನು ಹುಡುಕುತ್ತ.

ಸ್ಕ್ಯಾನಿನಲ್ಲಿ ನನ್ನ ಶ್ವಾಸಕೋಶ,
ನುಸಿ ತಿಂದ ಸ್ವೆಟರನ್ನು ಬೆಳಕಿಗೆ ಹಿಡಿದ ಹಾಗೆ.

ದಿನಕ್ಕೊಂದು ಮಾತ್ರೆ.
ಅದರ ಮೂಲ ರಾಪಾ ನುಯಿ ದ್ವೀಪದ ಮಣ್ಣಂತೆ,
ಮಣ್ಣೊಳಗಿನ ಕಣ್ಣಿಗೆ ಕಾಣದ ಜೀವವಂತೆ.
ನಕ್ಷೆಯಲ್ಲಿ ಆ ದ್ವೀಪ ನಮ್ಮದೇ
(ಅಲ್ಲಿಯವರನ್ನು ಕೇಳಿ ಬರೆದ ನಕ್ಷೆಯಲ್ಲ).
ವಿಮಾನದಲ್ಲಿ ಐದಾರು ಗಂಟೆ. ನನಗೆ ವಿಮಾನ ಕೂಡದು,
ಮೇಲೇರಿದರೆ ಎದೆಯ ಯಾವ ಗುಳ್ಳೆ ಒಡೆದೀತೋ.
ಕಿಟಕಿಯಿಂದ ಪಡುವಣಕ್ಕೆ ನೋಡುತ್ತೇನೆ:
ನೀರು, ಬರೀ ನೀರು.

ಬಾಯ ತುಂಬ ಹುಣ್ಣು. ನಿಂಬೆ ಬಿಟ್ಟೆ, ಬೆಣ್ಣೆ ಬಿಟ್ಟೆ.
ಈ ತಿಂಗಳ ಊದುವ ಪರೀಕ್ಷೆ ಹೋದ ತಿಂಗಳಿನಷ್ಟೇ.
"ಇಳಿದಿಲ್ಲವಲ್ಲ, ಯಸ್ನಾ!"
ಮಿರೆಯಾ ಕಾಗದವನ್ನು ಬಾವುಟದಂತೆ ಬೀಸಿದಳು.

ಚಿಕ್ಕಂದಿನಲ್ಲಿ ಕದ್ದು ಮಣ್ಣು ತಿಂದು
ಅಜ್ಜಿಯ ಕೈಯ ಏಟೂ ತಿಂದಿದ್ದೆ.
ಈಗ ಬೆಳಗ್ಗೆ ಎಂಟಕ್ಕೆ ಸರಿಯಾಗಿ,
ಎಲ್ಲರ ಎದುರಿಗೇ.

ಎಪ್ಪತ್ತನೆಯ ಮೆಟ್ಟಿಲು.
ನಾಯಿ ಎದ್ದು ಮೈ ಕೊಡವಿತು.
ತಡಿಯೋ, ಇನ್ನೊಂದು ಗಳಿಗೆ.