ಋಣ ನಲವತ್ತೆಂಟು

ರಾತ್ರಿ ಒಂದೂವರಿ. ಸಿರುಗುಪ್ಪದ ಎಕ್ಸ್‌ಚೇಂಜ್.
ಹೊರಗ ರೈಸ್‌ಮಿಲ್ಲಿನ ತೌಡಿನ ವಾಸನಿ,
ಒಳಗ ಬ್ಯಾಟರಿ ಕೋಣಿ,
ಇಪ್ಪತ್ನಾಲ್ಕು ಡಬ್ಬಿ ಸಾಲಾಗಿ ಕುಂತಾವ
ಮುನಿಸಿಕೊಂಡ ಬೀಗರ ಹಂಗ.
ನಾಕರೊಳಗ ಹೊಸ ರೌಟರಿಗೆ ಕರೆಂಟು ಕೊಡಬೇಕು.

ಗಾದಿಲಿಂಗಪ್ಪ ಸಾರ್ ರಿಟೈರಾಗಿ ಮೂರು ತಿಂಗಳು.
ಅವರ ಬಾಯಿಗಿಂತ ಜಾಸ್ತಿ ಕಲಿಸಿದ್ದು ಅವರ ಬೆರಳು:
ಸುತ್ತ ಒಂದು ಬಿಳೀ ಕಲಿ, ಉಂಗುರದಷ್ಟೇ ಅಗಲ,
ಸ್ಪ್ಯಾನರಿಗೂ ಬಸ್‌ಬಾರಿಗೂ ನಡುವ
ಬಂಗಾರ ಸಿಕ್ಕ ದಿನದ್ದು.
"ಕೈಗೆ ಜುಮ್ಮನ್ನೂದಿಲ್ಲ ಅಂತ ಸದರ ಮಾಡಬ್ಯಾಡ ಹೊನ್ನೂರಮ್ಮ.
ಎಸಿ ಸೆಕೆಂಡಿಗೆ ನೂರು ಸಲ ಉಸಿರು ಬಿಡತೈತಿ.
ಇದು ಹಿಡದದ್ದು ಬಿಡೂದಿಲ್ಲ."

ಅದಕ್ಕ ಬಿಚ್ಚಿದೆ: ಉಂಗುರ, ವಾಚು,
ಆಮ್ಯಾಲ, ತುಸು ತಡದು, ತಾಳಿ.
ಟಿಫಿನ್ ಡಬ್ಬಿಯೊಳಗ ಇಟ್ಟೆ,
ಉಳಿದ ಶೇಂಗಾ ಚಟ್ನಿಯ ಪಕ್ಕ.
ಕಾಲುಂಗುರ ಬೂಟಿನೊಳಗ ನಿದ್ದಿ ಮಾಡಲಿ.

ಬ್ರೇಕರ್ ಎರಡೂ ಕೆಳಗ. ಕೀಲಿ ನನ್ನ ಜೇಬಿನ್ಯಾಗ.
ಚೀಟಿ ಕಟ್ಟಿದೆ: ಕೆಲಸ ನಡದೈತಿ, ಏರಿಸಬ್ಯಾಡ್ರಿ.
ಮೊದಲು ಹಸಿರು ವೈರು, ನೆಲದ್ದು.
ತಗಡು ಮಿಂಚೂ ತನಕ ಪೇಂಟು ಕೆರದೆ;
ಪೇಂಟಿನ ಮ್ಯಾಲ ಕೂತ ಅರ್ಥಿಂಗ್
ಹೊಸ್ತಿಲ ಹೊರಗ ನಿಂತ ನೆಂಟ ಇದ್ದಂಗ.
ಎರಡು ಕಣ್ಣಿನ ಲಗ್ಗು, ಕ್ರಿಂಪು, ಜಗ್ಗಿ ನೋಡೂದು.
ಕಿತ್ತು ಬಂತಂದ್ರ ಮತ್ತ ಮೊದಲಿಂದ.
ಒಂದು ಬಂತು. ಮತ್ತ ಮೊದಲಿಂದ.

ಸಾಲ್ಯಾಗ ಧನ ಅಂದ್ರ ಇದ್ದದ್ದು, ಋಣ ಅಂದ್ರ ಇಲ್ಲದ್ದು.
ಇಲ್ಲಿ ಧನ ನೆಲಕ್ಕ ಕಟ್ಟಿಸಿಕೊಂಡು ಸುಮ್ಮನಿರತೈತಿ,
ಜೀವ ಇರೂದು ಋಣದಾಗ.
ಊರಿನ ಅಷ್ಟೂ ಮಾತು, ಜಗಳ, ಅಕ್ಕಿ ರೇಟು
ಋಣ ನಲವತ್ತೆಂಟರ ಮ್ಯಾಲ ನಡೀತಾವ.

ಕಂತ್ರಾಟುದಾರನ ಹುಡುಗರು ಎಳೆದು ಹೋದ ಎರಡು ಜೋಡಿ,
ಎ ಕಡಿ, ಬಿ ಕಡಿ. ನೀಲಿ ಋಣ, ಕರಿ ವಾಪಸ್ಸು.
ಬಣ್ಣ ಎಲ್ಲಾ ಸರಿ.
ಯಂತ್ರಕ್ಕ ಬಿಗಿಯೂ ಮುಂಚೆ, ತುದಿ ದೂರ ದೂರ ಇಟ್ಟು,
ಬ್ರೇಕರ್ ಏರಿಸಿ ಮೀಟರ್ ಹಿಡಿದೆ.
ಎ: ಋಣ ಐವತ್ಮೂರು ಚಿಲ್ಲರೆ.
ಬಿ: ಐವತ್ಮೂರು ಚಿಲ್ಲರೆ.
ಗೀಟು ಇಲ್ಲ.
ಅಂಕಿಯ ಮುಂದಿನ ಆ ಒಂದು ಗೀಟು,
ಸಾಸಿವಿ ಕಾಳಿನಷ್ಟು, ಇಲ್ಲ.

ಕಡ್ಡಿ ಅದಲುಬದಲಾಗಿಲ್ಲ. ಕಣ್ಣು ಒರೆಸಿಕೊಂಡೆ. ಇಲ್ಲ.
ಮ್ಯಾಲ ಟ್ರೇಯೊಳಗ ಯಾರೋ ಯಾವಾಗೋ
ನೀಲಿಗೆ ಕರಿ ಜೋಡಿಸಿ, ಟೇಪು ಸುತ್ತಿ,
ಊಟಕ್ಕ ಹೋಗ್ಯಾರ.

ಇಳಿಸಿದೆ, ಬೀಗ ಹಾಕಿದೆ, ಏಣಿ ಹತ್ತಿದೆ.
ಆ ಗಂಟು ಸಿಕ್ಕಾಗ ಮೂರೂ ಹತ್ತು.
ಬೈಬೇಕಂದೆ, ಹೆಸರು ಗೊತ್ತಿಲ್ಲ.

ನಾಕಕ್ಕ ಎ ಏರಿಸಿದೆ.
ಫ್ಯಾನು ಗುಂಯ್ ಅಂದು ತಣ್ಣಗಾತು. ಆಮ್ಯಾಲ ಬಿ.
ಎರಡು ಹಸಿರು ಚುಕ್ಕಿ.
ಸಾರ್‌ಗೆ ಫೋನು ಮಾಡಬೇಕಂದೆ. ಮಲಗಿರತಾರ.

ಬೆಳಿಗ್ಗೆ ಚಾ ಕೊಡುವಾಗ
ಅತ್ತಿ ನನ್ನ ಕೊರಳನ್ನೇ ನೋಡಿದಳು,
ಕಪ್ಪು ತಗೊಳ್ಳಲಿಲ್ಲ.
ಡಬ್ಬಿ ಸಿಂಕಿನ್ಯಾಗ
ನೀರು ತುಂಬಿಕೊಂಡು ಕೂತಿತ್ತು.